ಅಥಣಿಯ ಪಾದರಕ್ಷೆಯ ವಿನ್ಯಾಸವೂ ವೆಬ್‌ಹುಕ್ ಏರ್ಪಾಡಿನ ಪರಿಶೀಲನವೂ

ಅಥಣಿ, ನಿಪ್ಪಾಣಿ ಮುಂತಾದೆಡೆಗಳ ಚರ್ಮಕಾರರ ಕೈಯಲ್ಲಿಯೂ ಬೆಳೆದು ಬಂದ ಪಾದರಕ್ಷೆಯು ‘ಕೊಲ್ಹಾಪುರಿ’ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದ್ದರೂ, 2019ರಲ್ಲಿ ದೊರೆತ ಭೌಗೋಳಿಕ ಸೂಚಕದ ಮನ್ನಣೆಯು ಕರ್ನಾಟಕ ಮಹಾರಾಷ್ಟ್ರಗಳೆರಡಕ್ಕೂ ಸೇರಿದುದಾಗಿದೆ. 2025ರ ಜೂನಿನಲ್ಲಿ ಮಿಲಾನ್ ನಗರದ ಪ್ರಾಡಾ ಪ್ರದರ್ಶನದಲ್ಲಿ ಇದೇ ರೂಪವು ಮೂಲದ ಹೆಸರಿಲ್ಲದೆ ಕಾಣಿಸಿಕೊಂಡು ಆಕ್ಷೇಪಕ್ಕೆ ಗುರಿಯಾಯಿತು. ಆಕೃತಿಯ ಒಡೆತನದ ಪ್ರಶ್ನೆಯು ಈಗ ಗಣಕದ ಕಡತಗಳನ್ನೂ ಮುಟ್ಟುವುದು.

ಇಂಥ ಪಾದರಕ್ಷೆಯೊಂದರ ಮೂರು ಆಯಾಮದ ವಿನ್ಯಾಸದೃಶ್ಯವನ್ನು ಗಣಕದಲ್ಲಿ ರಚಿಸಿಟ್ಟಿದೆಯೆಂದು ಭಾವಿಸೋಣ. ಅದರಲ್ಲಿ ತಿದ್ದುಪಡಿಯಾದ ಕೂಡಲೇ ನಿಯತವಾದ ವಿಳಾಸಕ್ಕೆ ವರ್ತಮಾನವನ್ನು ತಾನಾಗಿ ಕಳುಹುವ ಏರ್ಪಾಡಿಗೆ ‘ವೆಬ್‌ಹುಕ್’ ಎಂದು ಹೆಸರು. ಜೆಫ್ ಲಿಂಡ್ಸೆಯವರು 2007ರಲ್ಲಿ ಈ ಪದವನ್ನು ಬಳಕೆಗೆ ತಂದರು. ಕೇಳದೆಯೇ ಬರುವ ಓಲೆಯಿದು. ಆದರೆ ಓಲೆಯು ಯಾರಿಗೆ ಹೋಗುತ್ತಿದೆಯೆಂಬುದನ್ನು ಕೇಳಿಯೇ ತಿಳಿಯಬೇಕು. ಎಪಿಐ ಸಾಧನದ ಮೂಲಕ ‘ಗೆಟ್’ ವಿಧಾನದಿಂದ ವಿಚಾರಿಸಿದಲ್ಲಿ, ವಿಳಾಸವಾವುದು, ಯಾವ ಘಟನೆಗಳಿಗೆ ವರ್ತಮಾನ ಹೊರಡುವುದು, ಏರ್ಪಾಡು ಚಾಲನೆಯಲ್ಲಿದೆಯೋ ಇಲ್ಲವೋ ಎಂಬಿವು ಸಾಮಾನ್ಯವಾಗಿ ಉತ್ತರದಲ್ಲಿ ದೊರೆಯುವುವು. ಗೆಟ್ ಎಂಬುದು ಓದುವ ಕ್ರಿಯೆ ಮಾತ್ರ. ಎಚ್‌ಟಿಟಿಪಿ ನಿಯಮದಂತೆ ಅದರಿಂದ ಏನನ್ನೂ ಬದಲಿಸತಕ್ಕುದಲ್ಲ. ಗುಪ್ತಸಂಕೇತವನ್ನು ಮಾತ್ರ ಅನೇಕ ವ್ಯವಸ್ಥೆಗಳು ಮರಳಿ ತೋರಿಸವು. ಅದು ಉಚಿತವೇ ಸರಿ: ವರ್ತಮಾನವು ನಿಜವಾದ ಮೂಲದಿಂದಲೇ ಬಂದಿತೆಂಬುದಕ್ಕೆ ಆ ಸಂಕೇತದಿಂದ ರಚಿಸಿದ ಸಹಿಯೇ ಆಧಾರ.

ಕೆಲಸ ಬಿಟ್ಟುಹೋದ ಮಧ್ಯವರ್ತಿಯ ವಿಳಾಸವು ಏರ್ಪಾಡಿನಲ್ಲಿ ಹಾಗೆಯೇ ಉಳಿದಿದ್ದರೆ, ಪ್ರತಿಯೊಂದು ತಿದ್ದುಪಡಿಯ ಸುದ್ದಿಯೂ ಅವನಿಗೇ ತಲುಪುತ್ತಿರುವುದು; ಪಾದರಕ್ಷೆಯನ್ನು ಹೊಲಿದವರಿಗೆ ತಲುಪದು.