ಬಾಲಕಿಯರ ಶಾಲೆ: ಬೀದರ ಸೀಮೆಯ ಪಾಲಕರ ಮುಂದಿರುವ ಪ್ರಶ್ನೆ

ಮಗಳನ್ನು ಹೊಸ್ತಿಲಾಚೆಗೆ ಕಳುಹಲು ಹಿಂಜರಿಯುತ್ತಿದ್ದ ತಂದೆತಾಯಿಗಳಿಗೂ, ಆ ಮಗಳಿಗೆ ವಿದ್ಯೆ ಸಲ್ಲಲೇಬೇಕೆಂದು ಹಟ ಹಿಡಿದಿದ್ದ ಕೆಲವು ಹಿರಿಯರಿಗೂ ನಡುವೆ ಏರ್ಪಟ್ಟ ಒಂದು ಒಡಂಬಡಿಕೆಯ ಫಲವಾಗಿ ನಮ್ಮ ನಾಡಿನ ಬಾಲಕಿಯರ ಶಾಲೆಗಳು ಜನ್ಮ ತಳೆದವು. ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಮಹಾರಾಣಿಯವರ ಶಾಲೆಯಾಗಲಿ, ಹೈದರಾಬಾದಿನ ನಾಂಪಲ್ಲಿಯಲ್ಲಿ 1924ರಲ್ಲಿ ಏಳೇ ಮಂದಿ ವಿದ್ಯಾರ್ಥಿನಿಯರೊಡನೆ ತೊಡಗಿ ಮುಂದೆ ಕೋಠಿಯ ರೆಸಿಡೆನ್ಸಿ ಭವನದಲ್ಲಿ ನೆಲೆಗೊಂಡ ಮಹಿಳಾ ಕಾಲೇಜಾಗಲಿ, ಎರಡೂ ಕಡೆ ಪಾಲಕರು ಒಡ್ಡಿದ ಷರತ್ತು ಒಂದೇ ಆಗಿತ್ತು: ಮಗಳು ಕಲಿಯುವಳು, ಆದರೆ ಹುಡುಗರ ಸಾಲಿನ ಪಕ್ಕದಲ್ಲಿ ಕುಳಿತು ಕಲಿಯತಕ್ಕದ್ದಲ್ಲ. ಬೀದರ ನಗರದ ಬಾಲಕಿಯರ ಪದವಿಪೂರ್ವ ಕಾಲೇಜು, ಮಹಿಳಾ ಪದವಿ ಕಾಲೇಜುಗಳು, ಭಾಲ್ಕಿ ಔರಾದಗಳ ಕಡೆಯ ಹೆಣ್ಣುಮಕ್ಕಳ ಶಾಲೆಗಳು, ವಸತಿನಿಲಯಗಳು, ಇವೆಲ್ಲವೂ ಆ ವಂಶಕ್ಕೇ ಸೇರಿದವು. ಈ ಷರತ್ತನ್ನು ಇಂದಿಗೂ ಉಳಿಸಿಕೊಳ್ಳಬೇಕೆ, ಅಥವಾ ಕಾಲ ಕೂಡಿಬಂದಿತೆಂದು ಭಾವಿಸಿ ಗಂಡುಮಕ್ಕಳಿಗೂ ಬಾಗಿಲು ತೆರೆದು ಸಹಶಿಕ್ಷಣವನ್ನು ಸ್ವೀಕರಿಸಬೇಕೆ ಎಂಬ ವಿಚಾರ ಈ ಸೀಮೆಯ ಪಾಲಕರು ನಾಲ್ಕು ಮಂದಿ ಕೂಡಿದಲ್ಲಿ ಏಳುತ್ತದೆ. ಎದ್ದಾಗ ಅದು ಬೇಗ ತಣಿಯುವುದಿಲ್ಲ.

ಇದು ತಣಿಯದಿರುವುದಕ್ಕೆ ಈ ಸೀಮೆಯ ಚರಿತ್ರೆಯಲ್ಲಿಯೇ ಕಾರಣವುಂಟು. ಮಹಮೂದ್ ಗವಾನನು 1472ರಲ್ಲಿ ಬೀದರ ನಗರದಲ್ಲಿ ಕಟ್ಟಿಸಿದ ಮದರಸಾ ದೂರದೂರದ ದೇಶಗಳ ಪಂಡಿತರನ್ನು ಆಕರ್ಷಿಸಿತೆಂಬುದನ್ನು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದೇವೆ. ನೆರೆಯ ಕಲ್ಯಾಣದಲ್ಲಿ ಅದಕ್ಕೂ ಮೂರು ಶತಮಾನಗಳ ಹಿಂದೆ ಶರಣೆಯರು ಪುರುಷರೊಡನೆ ಸರಿಸಮನಾಗಿ ಕುಳಿತು ಅನುಭಾವದ ಚರ್ಚೆ ನಡೆಸಿದರೆಂಬ ಅಭಿಮಾನವೂ ನಮಗುಂಟು. ಇಷ್ಟು ದೊಡ್ಡ ಪರಂಪರೆಯ ನಡುವೆಯೂ ಸಾಮಾನ್ಯ ಮನೆಯ ಹುಡುಗಿಗೆ ಶಾಲೆಯೆಂಬುದು ಬಹು ತಡವಾಗಿ ಒದಗಿತು. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದಲ್ಲಿ ಶಿಕ್ಷಣವು ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ, ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ಮಕ್ಕಳಿಗೆ ಅಕ್ಷರದ ಮೊದಲನೆಯ ಮೆಟ್ಟಿಲೇ ಪರಭಾಷೆಯದಾಗಿತ್ತು. ಅಂತಹ ದಿನಗಳಲ್ಲಿ, ಕಮಲನಗರದಲ್ಲಿ ಜನಿಸಿ ಭಾಲ್ಕಿ ಹಿರೇಮಠದ ಪೀಠವನ್ನೇರಿದ ಡಾ. ಚನ್ನಬಸವ ಪಟ್ಟದೇವರು (1890–1999) ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಇಲ್ಲಿನ ಜನ ಇಂದಿಗೂ ಭಕ್ತಿಯಿಂದ ಸ್ಮರಿಸುತ್ತಾರೆ. ಫಲಕದ ಮೇಲೆ ಏನು ಬರೆದಿದೆಯೆಂಬುದಕ್ಕಿಂತ ಮಗು ಒಳಗೆ ಬಂದು ಕುಳಿತುಕೊಳ್ಳುವುದು ಮುಖ್ಯವೆಂದು ಬಗೆದ ಆ ಮಹನೀಯರ ವಿವೇಕ ನಮ್ಮ ಇಂದಿನ ಚರ್ಚೆಗೂ ಸಲ್ಲುವಂಥದು.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ಪ್ರಾಂತಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋಗಿ, ಉಳಿದುದು ಮೈಸೂರು ರಾಜ್ಯಕ್ಕೆ ಬಂದಿತು. ಬಂಧುತ್ವ ಮಾತ್ರ ಗಡಿಯನ್ನು ಲೆಕ್ಕಿಸಲಿಲ್ಲ. ಔರಾದದ ಕಡೆಯ ಹುಡುಗಿಯನ್ನು ಉದಗೀರದ ಕಡೆಗೆ ಕೊಡುವುದೂ ಅಲ್ಲಿಂದ ತರುವುದೂ ನಡೆದೇ ಇದೆ. ಹೀಗೆ ಕೊಟ್ಟುತರುವ ಸಂಬಂಧಗಳಲ್ಲಿ ಹುಡುಗಿಯ ನಡೆನುಡಿಯ ವಿಚಾರಣೆ ನಾಲ್ಕಾರು ಊರು ದಾಟಿ ನಡೆಯುತ್ತದೆಯಾದುದರಿಂದ, ಮಗಳ ಹೆಸರಿಗೆ ಒಂದು ಮಾತು ಬಂದೀತೆಂಬ ಭೀತಿ ಇಲ್ಲಿನ ತಾಯಂದಿರನ್ನು ಕಾಡುವಷ್ಟು ಬೇರಾವುದೂ ಕಾಡದು. 2001ರ ಜನಗಣತಿಯಲ್ಲಿ ಜಿಲ್ಲೆಯ ಸ್ತ್ರೀಯರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಅಕ್ಷರಸ್ಥರಾಗಿದ್ದರು. 2011ರಲ್ಲಿ ಪುರುಷರ ಸಾಕ್ಷರತೆ ಶೇ. 79ರಷ್ಟಿದ್ದರೆ ಸ್ತ್ರೀಯರದು ಶೇ. 61.55ಕ್ಕೆ ಏರಿತ್ತು. ಆ ಹತ್ತು ವರ್ಷಗಳ ಏರಿಕೆಯಲ್ಲಿ ಬಾಲಕಿಯರ ಶಾಲೆಗಳಿಗೂ, ಗ್ರಾಮಾಂತರದ ಸ್ತ್ರೀ ಸಾಕ್ಷರತೆ ತೀರ ಹಿಂದುಳಿದ ತಾಲೂಕುಗಳಿಗಾಗಿ ಕೇಂದ್ರ ಸರಕಾರವು 2004ರಲ್ಲಿ ಆರಂಭಿಸಿದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಂತಹ ವಸತಿಶಾಲೆಗಳಿಗೂ ಪಾಲುಂಟೆಂದು ನಾನು ನಂಬುತ್ತೇನೆ.

ಬಾಲಕಿಯರ ಶಾಲೆಯೊಂದನ್ನು ಒಳಗೆ ಹೊಕ್ಕು ನೋಡದವರಿಗೆ ಅಲ್ಲಿ ಏನು ನಡೆಯುತ್ತದೆಯೆಂಬುದು ಪೂರ್ತಿಯಾಗಿ ಅರ್ಥವಾಗಲಾರದು. ಘಂಟೆ ಬಾರಿಸುವವಳು ಹುಡುಗಿ. ಪ್ರಾರ್ಥನೆಯ ವೇಳೆ ಸಾಲು ನಿಲ್ಲಿಸಿ ಆಜ್ಞೆ ಕೊಡುವವಳು ಹುಡುಗಿ. ಸಭೆ ಸಮಾರಂಭವೆಂದರೆ ಒಂದು ಕೋಣೆಯಿಂದ ಮತ್ತೊಂದಕ್ಕೆ ಬೆಂಚುಗಳನ್ನು ಹೊತ್ತುಹಾಕುವವರು, ಮರಕ್ಕೆ ಹಗ್ಗ ಕಟ್ಟಲು ಏಣಿಯೇರುವವರು, ಲೆಕ್ಕ ಬರೆದಿಡುವವರು, ಎಲ್ಲರೂ ಹುಡುಗಿಯರೇ. ಅಂಥ ಒಂದು ಶಾಲೆಯ ವಿಜ್ಞಾನದ ಕೋಣೆಯಲ್ಲಿ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ದುಪಟ್ಟಾವನ್ನು ಹಿಂದಕ್ಕೆ ಬಿಗಿದು ಕಟ್ಟಿ, ಎಡಗೈಯಲ್ಲಿ ಪ್ರನಾಳವನ್ನು ಓರೆಯಾಗಿ ಹಿಡಿದು, ಸತುವಿನ ಚೂರುಗಳ ಮೇಲೆ ಆಮ್ಲವನ್ನು ಹನಿಹನಿಯಾಗಿ ಬಿಡುತ್ತಿದ್ದಳು. ಗುಳ್ಳೆಗಳೆದ್ದಾಗ ಉರಿಯುವ ಕಡ್ಡಿಯನ್ನು ಬಾಯಿಯ ಬಳಿಗೆ ತಾನೇ ತಂದಳು. 'ಪಟ್' ಎಂಬ ಸದ್ದಾದೊಡನೆ ಸುತ್ತ ನಿಂತವರು ಹಿಂದಕ್ಕೆ ಸರಿದರೂ ಅವಳ ಕೈ ಅಲುಗಲಿಲ್ಲ. ಬೆರಕೆಯ ಶಾಲೆಗಳಲ್ಲಿ ನಾನು ಅನೇಕ ಸಲ ಕಂಡಿರುವುದು ಬೇರೆ ಬಗೆಯದು: ಪ್ರನಾಳವನ್ನು ಹುಡುಗರು ಹಿಡಿಯುತ್ತಾರೆ, ನೋಡಿದುದನ್ನು ಅಂದವಾದ ಅಕ್ಷರದಲ್ಲಿ ಹುಡುಗಿಯರು ಬರೆದುಕೊಳ್ಳುತ್ತಾರೆ. ಆಟದ ಬಯಲಿನ ಮಾತೂ ಹೀಗೆಯೇ. ಅರ್ಧ ಎಕರೆ ಬಯಲು ತನ್ನದೆಂದು ಗೊತ್ತಿದ್ದರೆ ಮಾತ್ರ ಹುಡುಗಿ ಗುಂಡನ್ನು ಎಷ್ಟು ದೂರ ಎಸೆಯಬಲ್ಲಳೆಂಬುದು ಅವಳಿಗೇ ತಿಳಿಯುತ್ತದೆ. ಬಾಲಕಿಯರ ಶಾಲೆಯ ಪಕ್ಷದಲ್ಲಿ ಆಡಬಹುದಾದ ಮಾತುಗಳೊಳಗೆ ಇದೇ ಘನವಾದುದೆಂದು ನನ್ನ ಎಣಿಕೆ. ಸಭೆಗಳಲ್ಲಿ ಇದನ್ನು ಆಡುವವರು ಮಾತ್ರ ವಿರಳ.

ಸಭೆಗಳಲ್ಲಿ ಆಡುವ ಮಾತು ಬೇರೆ. ನಮ್ಮ ರಾಜ್ಯದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಶಿಕ್ಷಣ ಹಕ್ಕಿನ ಕಾಯಿದೆಯಂತೂ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳೋ ಪಾಲಕರೋ ಆಗಿರಬೇಕೆಂದೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ವಿಧಿಸಿದೆ. ಹೀಗಾಗಿ ತಾಯಂದಿರು ಜಮಖಾನದ ಮೇಲೆ ಬಂದು ಕುಳಿತುಕೊಳ್ಳುತ್ತಾರೆ. ಮೊದಮೊದಲು ಸೆರಗಿನ ಮರೆಯಲ್ಲಿ ಪಿಸುಗುಟ್ಟುತ್ತಿದ್ದವರು ಮಗಳ ವಿಚಾರ ಬಂದಾಗ ದನಿ ಎತ್ತುತ್ತಾರೆ. "ನಮ್ ಪೋರಿ ಮುಂಜಾನಿ ಏಳಕ್ಕ ಬಸ್ ಹಿಡಿತಾಳ್ರಿ ಮೇಡಂ. ಹೆಣ್ಮಕ್ಕಳ ಸಾಲಿ ಅದ ಅಂತ ಹೇಳಿಹೇಳಿ ಅವರಪ್ಪಗ ಒಪ್ಪಿಸೀನಿ. ನಾಳಿ ಹುಡುಗರಿಗೂ ತಗೊಂತೀವಿ ಅಂದ್ರ ಆಕಿ ಸಾಲಿ ಅಲ್ಲಿಗೇ ಮುಗೀತು ನೋಡ್ರಿ" ಎಂದು ಒಬ್ಬ ತಾಯಿ ಹೇಳಿದರೆ, ಅದೇ ಸಾಲಿನ ಆಚೆ ಬದಿಯಲ್ಲಿ ಕುಳಿತ ತಂದೆಯೊಬ್ಬರು, "ನನಗ ಒಬ್ಬ ಮಗ, ಒಬ್ಬಾಕಿ ಮಗಳು. ಇಬ್ಬರಿಗೂ ಒಂದೇ ಸಾಲಿ ಆದ್ರ ಅಣ್ಣನ ಜೋಡಿ ತಂಗಿ ಹೋಗಿಬರ್ತಾಳ. ಈಗ ಆಕಿ ಒಬ್ಬಾಕೇ ಹೋಗ್ಬೇಕಾಗ್ಯದಲ್ರಿ ಸರ್" ಎನ್ನುತ್ತಾರೆ.

ಈ ಎರಡು ಮಾತುಗಳನ್ನು ಒಟ್ಟಿಗಿಟ್ಟು ನೋಡಿದರೆ, ಒಂದು ಸಹಶಿಕ್ಷಣದ ವಿರುದ್ಧವೂ ಮತ್ತೊಂದು ಅದರ ಪರವೂ ಆಗಿ ಕಂಡರೂ, ಎರಡರ ಹಿಂದಿನ ಆತಂಕ ಒಂದೇ ಎಂಬುದು ಗೋಚರವಾಗುತ್ತದೆ. ಇಬ್ಬರೂ ಚಿಂತಿಸುತ್ತಿರುವುದು ಊರಿನಿಂದ ಶಾಲೆಯವರೆಗಿನ ದಾರಿಯನ್ನು ಕುರಿತು. ಔರಾದದ ಬಸ್ ನಿಲ್ದಾಣದಲ್ಲಿ ಸಂಜೆಯ ಹೊತ್ತು ನಿಂತು ನೋಡಿದವರಿಗೆ ಇದು ವಿಶದವಾಗುವುದು: ಶಾಲೆ ಬಿಟ್ಟ ಹುಡುಗಿಯರು ಗುಂಪುಗುಂಪಾಗಿ ನಿಂತು ತಮ್ಮ ಊರಿನ ಬಸ್ಸಿನ ಫಲಕಕ್ಕಾಗಿ ಕಣ್ಣು ನೆಟ್ಟಿರುತ್ತಾರೆ; ಒಂದು ಬಸ್ಸು ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ತೊಗರಿಯ ಹೊಲಗಳ ಮೇಲೆ ಕತ್ತಲೆ ಇಳಿದಿರುತ್ತದೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆ ಅವರ ಟಿಕೆಟ್ಟಿನ ಖರ್ಚನ್ನು ಉಳಿಸಿತು. ಆದರೆ ಶಾಲೆಯ ವೇಳೆಗೆ ಸರಿಯಾಗಿ ಬಸ್ಸು ಬರುವ ಏರ್ಪಾಡು ಬೇರೆಯೇ ಒಂದು ಕೆಲಸ. ಬಿಹಾರದಲ್ಲಿ 2006ರಿಂದ ಒಂಬತ್ತನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟಾಗ ಅವರ ಪ್ರವೇಶ ಸುಮಾರು ಶೇ. 32ರಷ್ಟು ಹೆಚ್ಚಿತೆಂದೂ, ಆ ಹೆಚ್ಚಳ ಬಹುಮಟ್ಟಿಗೆ ಶಾಲೆಯಿಂದ ದೂರವಿದ್ದ ಹಳ್ಳಿಗಳಲ್ಲಿಯೇ ಕಂಡುಬಂದಿತೆಂದೂ ಅರ್ಥಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ನಮ್ಮಲ್ಲಿಯೂ 2006–07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ವಿತರಣೆ ಆರಂಭವಾದಾಗ ಅದೇ ತರಗತಿಯನ್ನು ಆರಿಸಿಕೊಂಡುದು ಸಕಾರಣವಾಗಿಯೇ ಇತ್ತು, ಏಕೆಂದರೆ ಹುಡುಗಿ ತನ್ನೂರಿನ ಶಾಲೆಯನ್ನು ಮುಗಿಸಿ ಪರಊರಿನ ಪ್ರೌಢಶಾಲೆಗೆ ಹೊರಡಬೇಕಾದುದು ಆ ವರ್ಷದಲ್ಲಿ. ಮನೆಯವರು ಅವಳನ್ನು ಬಿಡಿಸಿಬಿಡುವುದೂ ಆ ವರ್ಷದಲ್ಲಿಯೇ.

ಸಹಶಿಕ್ಷಣವನ್ನು ಬಯಸುವವರ ವಾದಗಳನ್ನು ಹಗುರವಾಗಿ ಕಾಣಲಾಗದು. ಮಕ್ಕಳ ಸಂಖ್ಯೆ ಇಳಿದ ಶಾಲೆಯಿಂದ ಶಿಕ್ಷಕರನ್ನು ಹೆಚ್ಚುವರಿಯೆಂದು ಬೇರೆಡೆಗೆ ಕಳುಹುತ್ತಾರೆ; ಗಣಿತ ವಿಜ್ಞಾನಗಳಿಗೆ ಗುರುಗಳಿಲ್ಲದ ಬಾಲಕಿಯರ ಶಾಲೆ ಎಷ್ಟೇ ಸುರಕ್ಷಿತವಾಗಿದ್ದರೂ ಹುಡುಗಿಗೆ ಅನ್ಯಾಯವನ್ನೇ ಮಾಡುತ್ತದೆ. ಬೀದರ ನಗರ ಈಗ ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆ ಹೆಸರಾದ ಊರು. ಹತ್ತನೆಯ ತರಗತಿಯವರೆಗೆ ಹುಡುಗರೊಡನೆ ಒಂದು ಮಾತನ್ನೂ ಆಡದೆ ಬೆಳೆದವಳು ಮುಂದೆ ಅವರ ನಡುವೆ ಎದ್ದುನಿಂತು ಸಂಶಯ ಕೇಳುವಳೆ ಎಂದು ತಂದೆಯೊಬ್ಬರು ಕೇಳಿದರೆ, ಅದಕ್ಕೆ ಸುಲಭವಾದ ಉತ್ತರ ನನ್ನಲ್ಲಿಲ್ಲ.

ಪಂಡಿತರ ಕಡೆಗೆ ತಿರುಗಿದರೂ ನಿರ್ಣಯ ಸಿಗುವುದಿಲ್ಲ. 21 ದೇಶಗಳ 184 ಅಧ್ಯಯನಗಳನ್ನೂ ಸುಮಾರು 16 ಲಕ್ಷ ವಿದ್ಯಾರ್ಥಿಗಳನ್ನೂ ಒಳಗೊಂಡು 2014ರಲ್ಲಿ ಪ್ರಕಟವಾದ ಸಮೀಕ್ಷೆ, ಪ್ರತ್ಯೇಕ ಶಾಲೆಗಳಿಂದ ಹೇಳಿಕೊಳ್ಳುವಂತಹ ಲಾಭವಿಲ್ಲವೆಂದಿತು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮಕ್ಕಳಿಗೆ ಶಾಲೆಯನ್ನು ಚೀಟಿ ಎತ್ತಿದಂತೆ ಹಂಚುವ ಕ್ರಮವಿದ್ದುದರಿಂದ ಅಲ್ಲಿ ನಡೆದ ಅಧ್ಯಯನಕ್ಕೆ ಹೆಚ್ಚಿನ ತೂಕವುಂಟು. ಅದು ಪ್ರತ್ಯೇಕ ಶಾಲೆಯವರು ಕಾಲೇಜು ಸೇರುವುದರಲ್ಲಿ ಮುಂದಿದ್ದಾರೆಂದು ಕಂಡುಕೊಂಡಿತು. ನಮ್ಮ ದೇಶದಲ್ಲಿ ಅರುವತ್ತರ ದಶಕದ ಮೊದಲಲ್ಲಿ ಹಂಸಾ ಮೆಹತಾ ಸಮಿತಿ ಕೊಟ್ಟ ಸಲಹೆ ನನಗೆ ಇವೆಲ್ಲಕ್ಕಿಂತ ಪ್ರಾಯೋಗಿಕವೆನಿಸುತ್ತದೆ: ಪ್ರಾಥಮಿಕ ಹಂತದಲ್ಲಿ ಸಹಶಿಕ್ಷಣವೇ ಸಾಮಾನ್ಯ ಪದ್ಧತಿಯಾಗಲಿ, ಮೇಲಿನ ಹಂತಗಳಲ್ಲಿ ಕೂಡುಶಾಲೆಯೋ ಪ್ರತ್ಯೇಕ ಶಾಲೆಯೋ ಎಂಬುದರ ಆಯ್ಕೆ ಪಾಲಕರಿಗೂ ಆಡಳಿತದವರಿಗೂ ಇರಲಿ ಎಂಬುದು ಅದರ ಸಾರ. ನೆರೆಯ ಕೇರಳದಲ್ಲಿ 2022ರ ಜುಲೈ ತಿಂಗಳಲ್ಲಿ ಮಕ್ಕಳ ಹಕ್ಕುಗಳ ಆಯೋಗವು ಆ ರಾಜ್ಯದ 280 ಬಾಲಕಿಯರ ಶಾಲೆಗಳನ್ನೂ 164 ಬಾಲಕರ ಶಾಲೆಗಳನ್ನೂ ಸಹಶಿಕ್ಷಣಕ್ಕೆ ಪರಿವರ್ತಿಸಬೇಕೆಂದು ಆದೇಶಿಸಿತು. ಅಲ್ಲಿನ ಸರಕಾರವಾದರೋ ಪಾಲಕ-ಶಿಕ್ಷಕ ಸಂಘವೂ ಸ್ಥಳೀಯ ಸಂಸ್ಥೆಯೂ ಒಪ್ಪಿದಲ್ಲಿ ಮಾತ್ರ ಪರಿವರ್ತನೆಯೆಂಬ ನಿಲುವು ತಳೆಯಿತು. 1948ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು ಕೂಡ ಈಚಿನ ವರ್ಷಗಳಲ್ಲಿ ಗಂಡುಮಕ್ಕಳನ್ನು ಸೇರಿಸಿಕೊಂಡಿದೆ. ಬೆಂಗಳೂರಿನಲ್ಲಿ ಇದನ್ನು ಒಪ್ಪದ ತಾಯಿಗೆ ಮಗಳನ್ನು ಸೇರಿಸಲು ಬೇರೆ ಮಹಿಳಾ ಕಾಲೇಜುಗಳುಂಟು; ಔರಾದದ ಹಳ್ಳಿಯ ತಾಯಿಗೆ ಇರುವ ಬೇರೆ ದಾರಿಯೆಂದರೆ ಮಗಳನ್ನು ಮನೆಯಲ್ಲಿ ಕೂರಿಸುವುದು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಹದಿನೆಂಟು ತುಂಬುವ ಮುನ್ನ ಮದುವೆ ಕೂಡದೆನ್ನುತ್ತದೆ. ಆದರೆ ಹದಿಮೂರಕ್ಕೆ ಶಾಲೆ ಬಿಟ್ಟ ಹುಡುಗಿಗೆ ಹದಿನೆಂಟರವರೆಗಿನ ಐದು ವರ್ಷಗಳನ್ನು ಕಾಯಿದೆಯೊಂದೇ ಕಾಯಲಾರದು.

ಆದುದರಿಂದ ಈ ಸೀಮೆಯ ಮಟ್ಟಿಗೆ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹುಡುಗ ಹುಡುಗಿಯರು ಕೂಡಿ ಕಲಿಯುವುದು ಒಳ್ಳೆಯದು. ಆದರೆ ಅದು ಒಂದನೆಯ ತರಗತಿಯಿಂದ ಆರಂಭವಾಗಬೇಕು, ಎಂಟನೆಯದರಿಂದಲ್ಲ. ಆರು ವರ್ಷದವರಾಗಿ ಒಂದೇ ಮಣೆಯ ಮೇಲೆ ಕುಳಿತು ಮಗ್ಗಿ ಹೇಳಿದವರು ಹದಿಮೂರರಲ್ಲಿ ಒಬ್ಬರನ್ನೊಬ್ಬರು ಅಪರಿಚಿತರಂತೆ ದಿಟ್ಟಿಸುವುದಿಲ್ಲ. ಯಾವ ಶಾಲೆಯಲ್ಲಿ ಪ್ರಾಥಮಿಕ ತರಗತಿಗಳೂ ಇವೆಯೋ ಅಲ್ಲಿ ಕೆಳಗಿನ ತರಗತಿಯಲ್ಲಿ ಮೊದಲು ಗಂಡುಮಕ್ಕಳನ್ನು ಸೇರಿಸಿ, ವರ್ಷಕ್ಕೊಂದು ತರಗತಿಯಂತೆ ಆ ಕ್ರಮ ಮೇಲೇರಲಿ. ಈಗ ಪ್ರೌಢಶಾಲೆಯಲ್ಲಿರುವ ಹುಡುಗಿಯರು ಯಾವ ಷರತ್ತನ್ನು ನಂಬಿ ಬಂದರೋ ಆ ಷರತ್ತಿನ ಮೇಲೆಯೇ ಹತ್ತನೆಯದನ್ನು ಮುಗಿಸಿ ಹೋಗಲಿ. ಬರಿಯ ಪ್ರೌಢಶಾಲೆಯಾಗಿರುವ ಬಾಲಕಿಯರ ಶಾಲೆಯನ್ನು, ಮಕ್ಕಳ ಸಂಖ್ಯೆ ತುಂಬಿಸುವ ಒಂದೇ ಉದ್ದೇಶದಿಂದ ಪರಿವರ್ತಿಸುವುದನ್ನು ನಾನು ಒಪ್ಪಲಾರೆ. ಅಲ್ಲಿ ಬೇಕಾದುದು ವಿಜ್ಞಾನದ ಶಿಕ್ಷಕಿ, ನೀರು ಬರುವ ಶೌಚಾಲಯ, ನಾಲ್ಕೂವರೆಗೆ ಹೊರಡುವ ಬಸ್ಸು. ಕೂಡುಶಾಲೆಯಾದ ಕಡೆಯಲ್ಲಿಯೂ ಪ್ರಯೋಗದ ದಿನ ಪ್ರನಾಳ ಯಾರ ಕೈಯಲ್ಲಿರುತ್ತದೆಯೆಂಬುದನ್ನೂ, ಬಯಲು ವಾರದಲ್ಲಿ ಎಷ್ಟು ಸಂಜೆ ಹುಡುಗಿಯರದೆಂಬುದನ್ನೂ ಸಮಿತಿಯವರು ಬರೆದಿಟ್ಟು ನಡೆಸಬೇಕು.

ಇನ್ನೊಂದು ಮಾತು ಸಭೆ ನಡೆಸುವವರಿಗೆ. ಈ ಚರ್ಚೆಗೆ ಇದುವರೆಗೆ ಕರೆಯದೆ ಉಳಿದವರು ಇಬ್ಬರು: ಒಬ್ಬಳು, ಈಗ ಶಾಲೆಯಲ್ಲಿ ಓದುತ್ತಿರುವ ಹುಡುಗಿ, ಮತ್ತೊಬ್ಬಳು, ಏಳನೆಯದನ್ನು ಮುಗಿಸಿ ಮುಂದಕ್ಕೆ ಬಾರದೆ ಹೋದವಳು. ಮೊದಲನೆಯವಳನ್ನು ಸಭೆಗೆ ಕರೆದು, ತಂದೆಯ ಎದುರಿನಲ್ಲಿ ಬಾಯಿ ಬಿಡಲು ಸಂಕೋಚವಾದರೆ ಹೆಸರಿಲ್ಲದ ಚೀಟಿಯಲ್ಲಾದರೂ ಅವಳ ಅಭಿಪ್ರಾಯವನ್ನು ಬರೆಯಿಸಿಕೊಳ್ಳಬೇಕು. ಎರಡನೆಯವಳ ಮನೆಗೆ ಮುಖ್ಯೋಪಾಧ್ಯಾಯಿನಿಯೂ ಸಮಿತಿಯ ತಾಯಂದಿರಿಬ್ಬರೂ ಹೋಗಿ, ಕೂಡುಶಾಲೆಯಾದರೆ ಕಳುಹುವಿರಾ, ಬಾಲಕಿಯರ ಶಾಲೆಯಾಗಿಯೇ ಉಳಿದರೆ ಕಳುಹುವಿರಾ, ಬಸ್ಸು ಬಂದರೆ ಕಳುಹುವಿರಾ ಎಂದು ಮೂರನ್ನೂ ಕೇಳಿ ಬರೆದುಕೊಂಡು ಬರಬೇಕು. ಮುಂದಿನ ಜೂನ್ ತಿಂಗಳ ದಾಖಲಾತಿಗೆ ಮುನ್ನ, ಬೇಸಿಗೆಯ ರಜೆಯಲ್ಲಿ, ಹಳ್ಳಿಗೊಂದು ದಿನದಂತೆ ಈ ಕೆಲಸವನ್ನು ಮುಗಿಸಲು ಸಾಧ್ಯವುಂಟು. ಠರಾವು ಬರೆಯುವುದು ಅದಾದ ಮೇಲೆ.