ನಲವತ್ತೆಂಟು ಚುಕ್ಕೆಯ ಮುಖಗಳು

ಪಿಕಾನ್ಸ್ ಸಂಗ್ರಹವನ್ನು ಇಳಿಸಿಕೊಂಡು ಬಿಚ್ಚಿ ಕೂತರೆ ಇಡೀ ಸಂಜೆ ಹೋಗುತ್ತದೆ. ಈಚೆಗೆ ನನ್ನದೊಂದು ಸಂಜೆ ಹಾಗೆಯೇ ಹೋಯಿತು, ಅದರ ಗುಂಗು ಇನ್ನೂ ಬಿಟ್ಟಿಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಕಿಂಜ್ಲರ್ 1990ರ ದಶಕದಲ್ಲಿ ಕೂಡಿಹಾಕಿದ ಭಂಡಾರ ಇದು. ಒಳಗೆ ಜನರ ಮುಖಗಳಿವೆ, ಸಂಸ್ಥೆಗಳ ಲಾಂಛನಗಳಿವೆ. ಒಂದೊಂದೂ ಅಡ್ಡ 48, ಉದ್ದ 48 ಚುಕ್ಕೆಯ ಪುಟಾಣಿ ಚಿತ್ರ. ಇಮೇಲ್ ಬಂದಾಗ ಕಳಿಸಿದವರ ಹೆಸರಿನ ಜತೆಗೆ ಅವರ ಮುಖವೂ ಕಾಣಲಿ ಎಂದು ಮಾಡಿದ್ದು. ಈಗ ನಮ್ಮ ಮೊಬೈಲಿನಲ್ಲಿ ಅದೇ ಜಾಗದಲ್ಲಿ ಬಣ್ಣದ ವೃತ್ತ, ಅದರೊಳಗೊಂದು ಅಕ್ಷರ ಕೂತಿರುತ್ತದೆ.

ಒಂದು ಫೈಲನ್ನು ಚಿತ್ರವಾಗಿ ನೋಡದೆ ಬರೀ ಪಠ್ಯವಾಗಿ ತೆರೆದೆ. ಎಕ್ಸ್‌ಬಿಎಂ ಎಂಬ ಹಳೆಯ ಚಿತ್ರಮಾದರಿ ನಿಜಕ್ಕೂ ಸಿ ಭಾಷೆಯ ತುಣುಕು: ಮೇಲೆ ಅಗಲ, ಎತ್ತರ, ಕೆಳಗೆ ಸಾಲಾಗಿ ಅಂಕಿಗಳು. 48 ಚುಕ್ಕೆಯ ಒಂದು ಸಾಲಿಗೆ 6 ಬೈಟ್, ಇಡೀ ಮುಖಕ್ಕೆ 288. ಗ್ರಾಫ್ ಹಾಳೆ ತೆಗೆದುಕೊಂಡು ಪೆನ್ಸಿಲಿನಲ್ಲಿ ಮನೆ ತುಂಬುತ್ತ ಹೋದೆ. ಪ್ರತಿ ಬೈಟನ್ನೂ ಹಿಂದುಮುಂದಾಗಿ ಓದಬೇಕು, ಅದರ ಕೊನೆಯ ಬಿಟ್ ಎಡತುದಿಯ ಚುಕ್ಕೆ. ಹತ್ತಾರು ಸಾಲು ದಾಟುವಷ್ಟರಲ್ಲಿ ಕೂದಲು ಬಂತು, ಆಮೇಲೆ ಕನ್ನಡಕದ ಎರಡು ಬಳೆ, ಅದರ ಕೆಳಗೆ ದಟ್ಟ ಮೀಸೆ. ಕಪ್ಪು ಬಿಳುಪು ಬಿಟ್ಟರೆ ನಡುವೆ ಬೂದು ಬಣ್ಣವೇ ಇಲ್ಲದ 2304 ಚುಕ್ಕೆಗಳಲ್ಲಿ ಕೆನ್ನೆ ಉಳಿಯುವುದಿಲ್ಲ; ಕನ್ನಡಕ, ಗಡ್ಡ, ಹುಬ್ಬು ಉಳಿಯುತ್ತವೆ. ಗುರುತು ಹಿಡಿಯಲು ಅಷ್ಟು ಸಾಕು.

ಇನ್ನು ಹುಡುಕುವ ಬಗೆ. ಇಮೇಲ್ ವಿಳಾಸವನ್ನು ಬಲದಿಂದ ಎಡಕ್ಕೆ ಬಿಡಿಸಿ, ಒಂದೊಂದು ತುಂಡಿಗೂ ಒಂದೊಂದು ಫೋಲ್ಡರ್: ಮೊದಲು ‘ಇಡಿಯು’, ಅದರೊಳಗೆ ‘ಇಂಡಿಯಾನಾ’, ಅದರೊಳಗೆ ‘ಸಿಎಸ್’, ಕಟ್ಟಕಡೆಗೆ ವ್ಯಕ್ತಿಯ ಹೆಸರು. ಅಂಚೆಯವರು ರಾಜ್ಯ, ಜಿಲ್ಲೆ, ಊರು, ಬೀದಿ ಎಂದು ಕಾಗದ ವಿಂಗಡಿಸುವ ಕ್ರಮವೇ ಇಲ್ಲೂ. ವ್ಯಕ್ತಿಯ ಮುಖ ಸಿಕ್ಕರೆ ಸರಿ. ಸಿಗದಿದ್ದರೆ ತಂತ್ರಾಂಶ ಬರಿಗೈಯಲ್ಲಿ ಮರಳುವುದಿಲ್ಲ, ಒಂದು ಮೆಟ್ಟಿಲು ಮೇಲಕ್ಕೆ ಬರುತ್ತದೆ: ಸಂಸ್ಥೆಯ ಲಾಂಛನ ಇದೆಯೇ? ಅದೂ ಇಲ್ಲದಿದ್ದರೆ ಕೊನೆಗೆ ‘ಅನ್‌ನೋನ್’ ಎಂಬ ಫೋಲ್ಡರಿನಲ್ಲಿ ಅಪರಿಚಿತರಿಗೆಂದೇ ಇಟ್ಟ ಚಿತ್ರ. ‘ರೂಟ್’, ‘ಪೋಸ್ಟ್‌ಮಾಸ್ಟರ್’ ಥರದ ಹೆಸರು ಪ್ರತಿ ಯಂತ್ರದಲ್ಲೂ ಇರುವುದರಿಂದ ಅವಕ್ಕೆ ‘ಮಿಸ್ಕ್’ ಎಂಬ ಬೇರೆಯೇ ಮನೆ. ಗೊತ್ತಿದ್ದಷ್ಟನ್ನು ಹೇಳು, ಗೊತ್ತಿಲ್ಲದಿದ್ದರೆ ಹತ್ತಿರದ್ದನ್ನು ಹೇಳು ಎಂಬ ಈ ನಡೆ ನನಗೆ ಬಹಳ ಹಿಡಿಸಿತು.

ಮೇಲ್ ಜತೆ ಮುಖ ತೋರಿಸುವ ಯೋಚನೆಯ ಬೇರು ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿದೆ. ರಾಬ್ ಪೈಕ್ ಮತ್ತು ಡೇವ್ ಪ್ರೆಸೊಟ್ಟೊ ಅಲ್ಲಿ ‘ವಿಸ್‌ಮಾನ್’ ಎಂಬ ಪ್ರೋಗ್ರಾಮ್ ಬರೆದು, 1985ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಅದರ ಬಗ್ಗೆ ಪ್ರಬಂಧ ಓದಿದರು. ಪರದೆಯ ಒಂದು ಕಡೆ ಯಂತ್ರದ ಮೇಲಿನ ಹೊರೆ ಎಷ್ಟೆಂದು ತೋರುತ್ತಿತ್ತು, ಮೇಲ್ ಬಂದರೆ ಕಳಿಸಿದವರ ಮುಖ ಮೂಡುತ್ತಿತ್ತು. ಅದಕ್ಕಾಗಿ ಸಹೋದ್ಯೋಗಿಗಳ ಫೋಟೋ ತೆಗೆದರು, ಸ್ಕ್ಯಾನ್ ಮಾಡಿದರು, 48ಕ್ಕೆ ಇಳಿಸಿದರು.

ಹೀಗೆ ಸೇರಿದ ಮುಖಗಳಲ್ಲಿ ಒಂದರ ಕಥೆಯನ್ನು ಬಿಡಲು ಮನಸ್ಸಾಗದು. ಪೀಟರ್ ವೈನ್‌ಬರ್ಗರ್, ‘ಆಕ್’ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ನಡುವಿನ ‘ಡಬ್ಲ್ಯು’ ಇವರೇ. ಇವರು ವಿಭಾಗದ ಮುಖ್ಯಸ್ಥರಾದ ಕಾಲಕ್ಕೆ ಲ್ಯಾಬಿನ ಒಡೆಯ ಎಟಿ ಆ್ಯಂಡ್ ಟಿ ಕಂಪನಿ ಗೆರೆಗೆರೆಯ ಗೋಲದ ಹೊಸ ಲಾಂಛನ ತಂದಿತ್ತು. ಸಹೋದ್ಯೋಗಿ ಟಾಮ್ ಡಫ್ ಆ ಗೋಲದ ಗೆರೆಗಳನ್ನೇ ದಪ್ಪ ತೆಳು ಮಾಡಿ ವೈನ್‌ಬರ್ಗರ್ ಮುಖ ಮೂಡಿಸಿದರು. ದೂರದಿಂದ ಲಾಂಛನ, ದಿಟ್ಟಿಸಿದರೆ ಪೀಟರ್. ಅದು ಟಿ-ಶರ್ಟಿಗೆ ಹೋಯಿತು. 1985ರಲ್ಲಿ ಲ್ಯಾಬಿನ ಮರ್ರೆ ಹಿಲ್ ಆವರಣದ ನೀರಿನ ಟ್ಯಾಂಕಿಯ ಮೇಲೂ ಆ ಮುಖ ಬಣ್ಣದಲ್ಲಿ ಕಾಣಿಸಿಕೊಂಡಿತು. ಅಲ್ಲಿಯವರೇ ಆದ ಗೆರಾರ್ಡ್ ಹೋಲ್ಜ್‌ಮನ್ 1988ರಲ್ಲಿ ಡಿಜಿಟಲ್ ಫೋಟೋ ತಿದ್ದುವುದರ ಬಗ್ಗೆ ಪುಸ್ತಕ ಬರೆದಾಗ ಹಿಗ್ಗಿಸಿ, ತಿರುಚಿ ತೋರಿಸಿದ್ದೂ ಲ್ಯಾಬಿನ ಇಂಥ ಮುಖಗಳನ್ನೇ.

ಭಂಡಾರವೇ ಬೇಡ, ಮುಖವನ್ನು ಪತ್ರದಲ್ಲೇ ಕಳಿಸೋಣ ಎಂದವರೂ ಇದ್ದರು. ಸಿಡ್ನಿ ವಿಶ್ವವಿದ್ಯಾಲಯದ ಜೇಮ್ಸ್ ಆಷ್ಟನ್ ಬರೆದ ‘ಕಾಂಪ್‌ಫೇಸ್’, ಪ್ರತಿ ಚುಕ್ಕೆಯನ್ನೂ ಅಕ್ಕಪಕ್ಕದ ಚುಕ್ಕೆಗಳಿಂದ ಊಹಿಸುತ್ತದೆ. ಊಹೆ ತಪ್ಪಿದ್ದನ್ನು ಮಾತ್ರ ಒಂದು ಭಾರಿ ಸಂಖ್ಯೆಯಾಗಿ ಹೆಣೆದು, ಕೀಬೋರ್ಡಿನ ಮಾಮೂಲಿ ಅಕ್ಷರಗಳಲ್ಲಿ ಬರೆದಿಡುತ್ತದೆ. ಹಳೆಯ ಮೇಲ್‌ಗಳ ತಲೆಭಾಗದಲ್ಲಿ ‘ಎಕ್ಸ್-ಫೇಸ್’ ಎಂಬ ಸಾಲಿನ ಮುಂದೆ ಬರುವ ಅರ್ಥವಾಗದ ಅಕ್ಷರಗಳ ಸಾಲು ಅದೇ. ಸಾಲು ಚಿಕ್ಕದು, ಮುಖ ಪೂರ್ತಿ.

ಇಮೇಲ್ ವಿಳಾಸಕ್ಕೆ ತಕ್ಕ ಫೋಟೋವನ್ನು ಜಾಲತಾಣಗಳಿಗೆ ಒದಗಿಸುವ ಗ್ರಾವತಾರ್ ಸೇವೆ ಈಗ ಹಲವರಿಗೆ ಗೊತ್ತು. 2004ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಆರಂಭಿಸಿದ್ದು, 2007ರಲ್ಲಿ ಆಟೊಮ್ಯಾಟಿಕ್ ಕೊಂಡುಕೊಂಡಿತು. ಇಲ್ಲಿ ಫೋಲ್ಡರಿಲ್ಲ. ವಿಳಾಸವನ್ನು ಸಣ್ಣಕ್ಷರಕ್ಕೆ ಇಳಿಸಿ, ಎಂಡಿ5 ಲೆಕ್ಕಕ್ಕೆ ಹಾಕಿದರೆ ಬರುವ 32 ಅಂಕಿ-ಅಕ್ಷರಗಳೇ ಮೂಲದಲ್ಲಿ ಕೀಲಿಯಾಗಿದ್ದವು. ಅನುಕೂಲವೇನೋ ನಿಜ, ಒಮ್ಮೆ ಫೋಟೋ ಇಟ್ಟರೆ ಎಲ್ಲೆಡೆ ಕಾಣುತ್ತದೆ. ಆದರೆ ನನಗೆ ಇದು ಒಪ್ಪಿಗೆಯಾಗಿಲ್ಲ. ಆ ಕಲಸಿದ ಅಂಕಿಯಲ್ಲಿ ಇಂಡಿಯಾನಾವೂ ಇಲ್ಲ, ಇಡಿಯುವೂ ಇಲ್ಲ. ವ್ಯಕ್ತಿ ಸಿಗದಿದ್ದರೆ ಮೇಲಕ್ಕೆ ಹತ್ತಲು ಮೆಟ್ಟಿಲೇ ಇಲ್ಲದೆ, ಎಲ್ಲರಿಗೂ ಒಂದೇ ಆದ ಲಾಂಛನವೋ ಯಂತ್ರ ಹೆಣೆದ ಯಾವುದೋ ವಿನ್ಯಾಸವೋ ಬರುತ್ತದೆ. ವಿಳಾಸ ಅಡಗಿದೆ ಎಂಬ ಭರವಸೆಯೂ ತೆಳುವು: ಊಹಿಸಿದ ವಿಳಾಸಗಳನ್ನು ಅದೇ ಲೆಕ್ಕಕ್ಕೆ ಹಾಕಿ ತಾಳೆ ನೋಡಿದರೆ ಗುಟ್ಟು ಬಿಚ್ಚುತ್ತದೆ. ಮೇಲಾಗಿ ಪ್ರತಿ ಚಿತ್ರವೂ ದೂರದ ಸರ್ವರಿನಿಂದ ಬರಬೇಕು. ಯಾವ ಕಂಪ್ಯೂಟರ್ ಯಾರ ಮುಖ ಕೇಳಿತೆಂಬುದು ಅದಕ್ಕೆ ತಿಳಿಯುತ್ತದೆ. ಪಿಕಾನ್ಸ್ ನನ್ನ ಡಿಸ್ಕಿನಲ್ಲೇ ಇರುತ್ತದೆ, ಯಾರನ್ನೂ ಕೇಳಬೇಕಿಲ್ಲ.

ಲಿಬ್ರಾವತಾರ್ ಎಂಬ ಮುಕ್ತ ಯೋಜನೆ ದೂರದ ಸರ್ವರಿನ ಈ ತೊಡಕನ್ನು ಸ್ವಲ್ಪ ಸರಿಪಡಿಸಿತು. ಡೊಮೇನಿನ ಒಡೆಯರು ತಮ್ಮ ಡಿಎನ್‌ಎಸ್‌ನಲ್ಲಿ ಒಂದು ದಾಖಲೆ ಸೇರಿಸಿದರೆ ತಮ್ಮವರ ಮುಖಗಳನ್ನು ತಾವೇ ಬಡಿಸಬಹುದು. 2018ರಲ್ಲಿ ಅದು ಮುಚ್ಚುವುದಾಗಿ ಘೋಷಣೆಯಾದಾಗ ಬಳಕೆದಾರರೇ ಮುಂದೆ ಬಂದು ಉಳಿಸಿಕೊಂಡರು.

ಮತ್ತೆ ಪಿಕಾನ್ಸ್‌ಗೆ ಬಂದರೆ, ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ‘ಗ್ನಸ್’ ಮೇಲ್ ಓದುಗದಲ್ಲಿ ಪಿಕಾನ್ ಹುಡುಕುವ ಸೌಲಭ್ಯ ಇದೆ. ಅದು ತಡಕುವ ಫೋಲ್ಡರುಗಳ ಪಟ್ಟಿಯಲ್ಲಿ ‘ಲೋಕಲ್’ ಎಂಬುದೂ ಒಂದು, ಅವರವರೇ ತುಂಬಿಕೊಳ್ಳಲಿ ಎಂದು. ನನ್ನದರಲ್ಲಿ ಈಗ ಮನೆಯವರು, ಗೆಳೆಯರು ಒಬ್ಬೊಬ್ಬರಾಗಿ ಸೇರುತ್ತಿದ್ದಾರೆ. ಎದುರು ಬೆಳಕಿನಲ್ಲಿ ತೆಗೆದ ಫೋಟೋ 48ಕ್ಕೆ ಇಳಿಸಿದರೆ ಬಿಳಿ ಹಾಳೆಯಾಗಿಬಿಡುತ್ತದೆ. ಕಿಟಕಿಯ ಪಕ್ಕ ಕೂರಿಸಿ, ಒಂದು ಬದಿಯಿಂದ ಬೆಳಕು ಬೀಳುವಂತೆ ತೆಗೆಯಬೇಕು.