ಒಂದೇ ಬೆಂಕಿ, ಎರಡು ಸಂಬಳ

2020ರ ಸೆಪ್ಟೆಂಬರ್ 9 ನೆನಪಿದೆಯಾ? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊತ್ತು ಏರಿದ ಮೇಲೂ ಆಕಾಶ ಕಿತ್ತಳೆ ಬಣ್ಣದಲ್ಲೇ ಇತ್ತು. ಅಲ್ಲಿರೋ ಕನ್ನಡಿಗರು ಕಳಿಸಿದ ಫೋಟೋಗಳು ನಮ್ಮ ವಾಟ್ಸ್ಆ್ಯಪ್‌ ಗ್ರೂಪ್‌ಗಳಲ್ಲೂ ಓಡಾಡಿದ್ವು. ಆ ಹೊಗೆಯ ಹಿಂದೆ ಕಾಡ್ಗಿಚ್ಚು ಇತ್ತು. ಕಾಡ್ಗಿಚ್ಚಿನ ಎದುರು ನಿಂತಿದ್ದವರಲ್ಲಿ ಕ್ಯಾಲ್ ಫೈರ್ ಸಿಬ್ಬಂದಿ ಇದ್ದರು. ಕ್ಯಾಲ್ ಫೈರ್ ಅಂದ್ರೆ ಕ್ಯಾಲಿಫೋರ್ನಿಯಾ ರಾಜ್ಯ ಸರ್ಕಾರದ ಅಗ್ನಿಶಾಮಕ ಇಲಾಖೆ.

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿಯಿತು. 16 ಸಾವಿರಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ನಗರದವರು, ಕೌಂಟಿಯವರು, ರಾಜ್ಯದವರು ಎಲ್ಲರೂ ಒಂದೇ ಬೆಂಕಿಗೆ ಎದೆ ಕೊಟ್ಟರು. ಬೆಂಕಿ ಯಾರ ಸಮವಸ್ತ್ರವನ್ನೂ ನೋಡಲ್ಲ. ಆದರೆ ಸಂಬಳದ ಚೀಟಿ ನೋಡುತ್ತೆ!

ಏನು ವ್ಯತ್ಯಾಸ? ನಗರಗಳ ಅಗ್ನಿಶಾಮಕ ಸಿಬ್ಬಂದಿಗೆ ಸಾಮಾನ್ಯವಾಗಿ ವಾರಕ್ಕೆ 56 ಗಂಟೆ ಕೆಲಸ. ಕ್ಯಾಲ್ ಫೈರ್‌ನವರಿಗೆ ವರ್ಷಾನುಗಟ್ಟಲೆ 72 ಗಂಟೆ. ಅದನ್ನು 66ಕ್ಕೆ ಇಳಿಸೋಣ ಅಂತ ಒಪ್ಪಂದ ಆಗಿದ್ದೇ 2022ರಲ್ಲಿ. ಗಂಟೆ ಜಾಸ್ತಿ, ಮೂಲ ವೇತನ ಮಾತ್ರ ಎಷ್ಟೋ ನಗರಗಳಿಗಿಂತ ಕಡಿಮೆ. ಹೀಗಾದ್ರೆ ತರಬೇತಿ ಪಡೆದವರು ಅಲ್ಲೇ ಯಾಕೆ ಉಳೀತಾರೆ? ಪಕ್ಕದ ಊರಿಗೆ ಅರ್ಜಿ ಹಾಕ್ತಾರೆ. ಕಲಿಸುವ ಖರ್ಚು ರಾಜ್ಯದ್ದು, ಅನುಭವದ ಲಾಭ ನಗರದ್ದು.

ಇದಕ್ಕೆ ಕಾನೂನಿನಲ್ಲೇ ಮದ್ದು ಹುಡುಕಿದ್ದು ಎಬಿ 1309 ಅನ್ನೋ ಮಸೂದೆ. ಅದರ ಲೆಕ್ಕ ಸರಳ. ರಾಜ್ಯದ 20 ಅಗ್ನಿಶಾಮಕ ಇಲಾಖೆಗಳ ಸಂಬಳದ ಸರಾಸರಿ ತೆಗೀರಿ. ಕ್ಯಾಲ್ ಫೈರ್ ಸಂಬಳ ಅದಕ್ಕಿಂತ ಶೇ.15ಕ್ಕಿಂತ ಹೆಚ್ಚು ಕೆಳಗೆ ಇರಬಾರದು. ಗಮನಿಸಿ, ಅವರು ಸಮಾನ ವೇತನವನ್ನೂ ಕೇಳಲಿಲ್ಲ. 'ತೀರಾ ಹಿಂದೆ ಬಿಡಬೇಡಿ' ಅಂದರು, ಅಷ್ಟೇ.

ನಾನು ಇಂಜಿನಿಯರಿಂಗ್ ಓದಿದವನು, ಸೂತ್ರ ಕಂಡರೆ ಮೊದಲು ಕೇಳೋದು: ಇದು ಬೇರೆಲ್ಲಾದರೂ ಕೆಲಸ ಮಾಡಿದೆಯಾ? ಮಾಡಿದೆ. ಅದೇ ರಾಜ್ಯದ ಹೆದ್ದಾರಿ ಪೊಲೀಸರ ಸಂಬಳವನ್ನು ಕಾನೂನೇ ಕಟ್ಟಿಹಾಕಿದೆ. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ, ಓಕ್ಲೆಂಡ್, ಸ್ಯಾನ್ ಫ್ರಾನ್ಸಿಸ್ಕೋ ಪೊಲೀಸರು, ಜೊತೆಗೆ ಲಾಸ್ ಏಂಜಲೀಸ್ ಕೌಂಟಿ ಶೆರಿಫ್ ಇಲಾಖೆ. ಈ ಐದರ ಸರಾಸರಿ ನೋಡಿ ಲೆಕ್ಕ ಹಾಕಬೇಕು. ಖಾಕಿಗೆ ಒಪ್ಪಿದ ಸೂತ್ರ ಬೆಂಕಿ ಆರಿಸುವವರಿಗೆ ಯಾಕೆ ಒಪ್ಪಲ್ಲ?

ವಿರೋಧದ ವಾದವನ್ನೂ ಕೇಳೋಣ, ಅದು ಪೊಳ್ಳು ವಾದ ಅಲ್ಲ. ನಮ್ಮಲ್ಲಿ ವೇತನ ಆಯೋಗ ವರದಿ ಕೊಡುತ್ತೆ, ಸರ್ಕಾರ ತೀರ್ಮಾನಿಸುತ್ತೆ. ಅಲ್ಲಿ ನೌಕರರ ಸಂಘ ಸರ್ಕಾರದ ಎದುರು ಕೂತು ಮಾತಾಡಿ ಒಪ್ಪಂದ ಮಾಡಿಕೊಳ್ಳಬೇಕು. ಸಂಬಳವನ್ನು ಕಾನೂನಿನಲ್ಲೇ ಬರೆದುಬಿಟ್ಟರೆ ಆ ಮಾತುಕತೆಗೆ ಬೆಲೆ ಏನು? ಬೇರೆ ಇಲಾಖೆಯವರೂ ಸಾಲಾಗಿ ಬಂದು ನಿಂತರೆ? ಬಜೆಟ್ ಕೈಕೊಟ್ಟ ವರ್ಷ ಏನು ಗತಿ?

ಮಸೂದೆ 2025ರಲ್ಲಿ ಎರಡೂ ಸದನ ದಾಟಿತು. ಆದರೆ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಲಿಲ್ಲ. ಅಲ್ಲಿ ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರಂತಲ್ಲ, ಜನರೇ ಆರಿಸಿದ ಸರ್ಕಾರದ ಮುಖ್ಯಸ್ಥ. ಅದೇ ಅಕ್ಟೋಬರ್‌ನಲ್ಲಿ ಅವರು ಇನ್ನೊಂದು ಮಸೂದೆಗೆ ಸಹಿ ಹಾಕಿದರು. ಬೆಂಕಿ ಆರಿಸಲು ಹೋಗುವ ಕೈದಿಗಳಿಗೆ ದಿನಕ್ಕೆ ಸಿಗುತ್ತಿದ್ದದ್ದು 5.80ರಿಂದ 10.24 ಡಾಲರ್, ಬೆಂಕಿ ಇದ್ದಾಗ ಗಂಟೆಗೆ ಇನ್ನೊಂದು ಡಾಲರ್. ಹೊಸ ಕಾನೂನಿನಂತೆ ಬೆಂಕಿಯ ಕೆಲಸದಲ್ಲಿದ್ದಾಗ ಗಂಟೆಗೆ 7.25 ಡಾಲರ್. ಕೈದಿಗಳಿಗೆ ಮಾತುಕತೆಯ ಮೇಜೇ ಇಲ್ಲ, ಹಾಗಾಗಿ ಕಾನೂನು ಬೇಕೇ ಬೇಕಿತ್ತು.

ಸರಿ. ಆದರೆ ಮೇಜು ಇದ್ದೂ ವರ್ಷಗಟ್ಟಲೆ ಹಿಂದೆ ಉಳಿದವರ ಕಥೆ? ನನ್ನ ಪ್ರಕಾರ ಕಾನೂನು ಸಂಬಳದ ಅಂಕಿಯನ್ನು ಬರೆಯಬೇಕಾಗಿಲ್ಲ. ಕೆಳಗಿನ ಗೆರೆ ಎಳೆದರೆ ಸಾಕು. ಗೆರೆಯ ಮೇಲೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಬೆಂಕಿ ಬಿದ್ದ ದಿನ ಹೀರೋ, ಬಜೆಟ್ ದಿನ ಖರ್ಚಿನ ಬಾಬತ್ತು ಅನ್ನೋದು ನಿಲ್ಲಬೇಕಾದ್ರೆ ಆ ಗೆರೆ ಬೇಕು.